ನಮ್ಮ ರಿಂಗ್ ಭಾವ

ನಮ್ಮ ಭಾವನ ಬಿ.ಪಿ. ಏರಿಸಲು ಉಪ್ಪಿನಕಾಯಿ ಬೇಕಾಗಿಲ್ಲ. ಎದುರು ಕೂತು "ಭಾವ, ಎಲ್ಲ ಸರಿಯಾಗಿದೆ" ಅಂದರೆ ಸಾಕು! ಲೋಕದ ಉಳಿದ ಗಂಡಸರು ಆ ಮಾತು ಕೇಳಿದರೆ ಕಾಲು ಚಾಚಿ ಪೇಪರ್ ಬಿಡಿಸುತ್ತಾರೆ. ನಮ್ಮ ಭಾವ ಚಪ್ಪಲಿ ಮೆಟ್ಟುತ್ತಾರೆ. "ಸರಿಯಾಗಿದೆ ಅಂತ ಯಾರು ಹೇಳಿದ್ದು? ಯಾವ ಕಡೆಯಿಂದ ಸರಿಯಾಗಿದೆ?" ಅಂತ ಕೇಳುತ್ತಾರೆ. ಸರಿಯಾಗಿರುವುದಕ್ಕೂ ಒಂದು ಕಡೆ ಇರುತ್ತದಾ? ಇರುತ್ತದಂತೆ. ಒಂದಲ್ಲ, ಎರಡು!

ಭಾವ ಅಂದರೆ ನನ್ನ ಅಕ್ಕನ ಗಂಡ. ಮೂಡಿಗೆರೆಯಲ್ಲಿ ಮನೆ, ಇಂಟರ್‌ನೆಟ್ ಕೇಬಲ್ ನೋಡಿಕೊಳ್ಳುವ ಒಂದು ಕಂಪನಿಯಲ್ಲಿ ಕೆಲಸ. ಎಲ್ಲಿ ಕೇಬಲ್ ತುಂಡಾಯಿತು ಅಂತ ಹುಡುಕುವುದು, ಹುಡುಕಿದ್ದನ್ನು ಜೋಡಿಸುವುದು. ನಾನೂ ಅಮ್ಮನೂ ಆಲ್ದೂರಿನಲ್ಲಿದ್ದೇವೆ. ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಅಂಗಡಿ. ಊರವರ ಪಹಣಿ ತೆಗೆದುಕೊಡುತ್ತೇನೆ, ಮಕ್ಕಳ ಅರ್ಜಿ ತುಂಬುತ್ತೇನೆ, ರೇಷನ್ ಕಾರ್ಡಿಗೆ ಹೆಸರು ಸೇರಿಸುತ್ತೇನೆ. ಎಲ್ಲಕ್ಕೂ ನೆಟ್ ಬೇಕು. ಹಾಗಾಗಿ ಭಾವನ ಕೆಲಸಕ್ಕೂ ನನ್ನ ಅನ್ನಕ್ಕೂ ನೇರ ಸಂಬಂಧ.

ಒಂದು ಸಲ ತಪ್ಪಿ ಕೇಳಿಬಿಟ್ಟೆ. "ಭಾವ, ಈ ರಿಂಗ್ ರಿಂಗ್ ಅಂತೀರಲ್ಲ, ಅದು ಎಂತ?"

ಅಮ್ಮ ಆಗಷ್ಟೇ ಕರಿದ ಕೋಡುಬಳೆಯ ತಟ್ಟೆ ಎದುರಿಗಿತ್ತು. ಭಾವ ಒಂದನ್ನು ಎತ್ತಿಕೊಂಡರು. ತಿನ್ನಲಿಕ್ಕೆ ಅಂದುಕೊಂಡೆ.

"ನೋಡು ಮಾರಾಯ್ತಿ, ಇದು ಚಿಕ್ಕಮಗಳೂರು. ಹೀಗೆ ಬಂದರೆ ನಿಮ್ಮ ಆಲ್ದೂರು, ಬಾಳೆಹೊನ್ನೂರು. ಇಲ್ಲಿ ಕೆಳಗೆ ಕಳಸ. ಕಳಸದಿಂದ ಆ ಕಡೆ ಹತ್ತಿದರೆ ಕೊಟ್ಟಿಗೆಹಾರ, ಮೂಡಿಗೆರೆ, ವಸ್ತಾರೆ, ತಿರುಗಿ ಚಿಕ್ಕಮಗಳೂರು. ಒಂದು ಸುತ್ತು. ಇದೇ ರಿಂಗ್. ಈಗ ಕಳಸದಲ್ಲಿ ಒಂದು ಇರುವೆ ಇದೆ ಅಂತಿಟ್ಕೋ. ಅದಕ್ಕೆ ಚಿಕ್ಕಮಗಳೂರಿಗೆ ಹೋಗಬೇಕು." ಟಕ್ ಅಂತ ಬಾಳೆಹೊನ್ನೂರಿನ ಹತ್ತಿರ ಮುರಿದರು. "ಈಗ ಇರುವೆ ಏನು ಮಾಡುತ್ತೆ?"

"ಕೋಡುಬಳೆ ತಿನ್ನುತ್ತೆ" ಅಂದೆ.

"ತಿನ್ನಲ್ಲ! ತಿರುಗಿ ಮೂಡಿಗೆರೆ ಮೇಲೆ ಹೋಗುತ್ತೆ. ಕಣ್ಣು ಮಿಟುಕಿಸೋದರೊಳಗೆ ದಾರಿ ಬದಲಾಗಿರುತ್ತೆ. ಬದಲಾಯ್ತು ಅಂತ ಇರುವೆಗೂ ಗೊತ್ತಾಗಲ್ಲ, ಕಳಸದವರಿಗೂ ಗೊತ್ತಾಗಲ್ಲ."

"ಒಳ್ಳೇದೇ ಆಯ್ತಲ್ಲ."

"ಅದೇ ಕೆಟ್ಟದ್ದು!" ಭಾವ ಎದ್ದು ನಿಂತರು. "ಯಾರಿಗೂ ತೊಂದರೆ ಇಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲ್ಲ. ಗೊತ್ತಾಗದಿದ್ದದ್ದನ್ನ ಯಾರು ರಿಪೇರಿ ಮಾಡ್ತಾರೆ? ನಾಳೆ ನೋಡೋಣ, ನಾಡಿದ್ದು ನೋಡೋಣ. ಒಂದು ದಿನ ಇಲ್ಲಿ…" ಟಕ್ ಅಂತ ಕೊಟ್ಟಿಗೆಹಾರವೂ ಮುರಿಯಿತು. ಕಳಸದ ತುಂಡು ಭಾವನ ಅಂಗೈಯಲ್ಲಿ ಒಂಟಿಯಾಗಿ ಬಿತ್ತು. "ಮುಗೀತು. ಇನ್ನು ಕೂಗಿಕೊಂಡರೂ ಕೇಳುವವರಿಲ್ಲ."

ನನಗೆ ಅರ್ಥವಾಗಿತ್ತು. ಆದರೂ ಕೊಪ್ಪದ ಕಡೆಗೆ ಒಂದು ಕೊಂಬೆ, ಬೇಲೂರಿನ ಕಡೆಗೆ ಇನ್ನೊಂದು ರಿಂಗು ಅಂತ ಮುರಿಯುತ್ತಾ ಹೋದರು. ತಟ್ಟೆಯಲ್ಲಿ ಪುಡಿ ಉಳಿಯಿತು. ಅಮ್ಮ ಒಳಗಿಂದ ಬಂದು ನೋಡಿ, "ಡಬ್ಬದಲ್ಲಿ ಇನ್ನು ಚಕ್ಕುಲಿ ಮಾತ್ರ ಇರೋದು" ಅಂದಳು.

ಭಾವ ಗಂಭೀರವಾಗಿ ಅಂದರು: "ಚಕ್ಕುಲಿ ಬೇರೆ ನೆಟ್‌ವರ್ಕ್ ಅತ್ತೆ."

ಇಂಥವರ ಜೊತೆ ಸಂಸಾರ ಹೇಗಿರಬಹುದು? ಅಕ್ಕನನ್ನೇ ಕೇಳಬೇಕು. ಒಮ್ಮೆ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಮೊದಲ ತುತ್ತಿಗೇ ಭಾವನ ಹುಬ್ಬು ಗಂಟಾಯಿತು. ಉಪ್ಪು ಜಾಸ್ತಿ! ನಾವಾದರೆ ಮೊಸರು ಹಾಕಿಕೊಳ್ಳುತ್ತೇವೆ. ಭಾವ ಹಾಗೆಲ್ಲ ಬಿಡುವವರಲ್ಲ. ದೋಷವನ್ನು ಮೊದಲು ಬೇರೆ ಮಾಡಬೇಕು ಅನ್ನುವುದು ಅವರ ಶಾಸ್ತ್ರ. ಎಲೆಯ ಮೇಲಿದ್ದದ್ದನ್ನು ಎರಡು ಭಾಗ ಮಾಡಿದರು. ಈ ಅರ್ಧದ್ದನ್ನು ರುಚಿ ನೋಡಿದರು, ಸರಿಯಿದೆ. ಹಾಗಾದರೆ ದೋಷ ಆ ಅರ್ಧದಲ್ಲಿದೆ. ಅದನ್ನು ಮತ್ತೆ ಎರಡು ಮಾಡಿದರು. ಅನ್ನವನ್ನೊಂದೇ ತಿಂದರು, ಸಾರನ್ನೊಂದೇ ಕುಡಿದರು, ಪಲ್ಯವನ್ನು ನಾಲಿಗೆಯ ತುದಿಗೆ ಮುಟ್ಟಿಸಿದರು. ನಾವು ಕೈ ತೊಳೆದು, ಎಲೆ ಎತ್ತಿ, ನೆಲ ಒರೆಸಿದರೂ ತನಿಖೆ ನಡೆದೇ ಇತ್ತು.

"ಸಿಕ್ಕಿತು! ಸಂಡಿಗೆ!" ಅಂತ ಕೂಗಿದರು.

ಅಕ್ಕ ಅಡುಗೆಮನೆಯಿಂದ ಅಂದಳು: "ಅದು ನೀವೇ ತಂದದ್ದು ಕಣ್ರೀ, ಅಂಗಡಿಯಿಂದ."

ಭಾವನ ಹತ್ತಿರ ಕಿತ್ತಳೆ ಬಣ್ಣದ ಒಂದು ಪೆಟ್ಟಿಗೆ ಇದೆ. ಅದರ ಬಾಯಿಗೆ ಕೇಬಲ್ಲಿನ ಒಳಗಿನ ಗಾಜಿನ ಎಳೆ ಸಿಕ್ಕಿಸಿದರೆ ಒಂದು ಬೆಳಕು ಬಿಡುತ್ತದೆ. ಬೆಳಕು ಓಡಿ ಹೋಗಿ, ಎಲ್ಲಿ ಎಳೆ ತುಂಡಾಗಿದೆಯೋ ಅಲ್ಲಿ ಮುಗ್ಗರಿಸಿ, ಸ್ವಲ್ಪ ಹಿಂದಕ್ಕೆ ಬರುತ್ತದಂತೆ. ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ನೋಡಿ, ಇಷ್ಟನೇ ಕಿಲೋಮೀಟರಿನಲ್ಲಿ ಕಟ್ ಆಗಿದೆ ಅಂತ ಪೆಟ್ಟಿಗೆ ಹೇಳುತ್ತದೆ. ಭಾವ ಇದನ್ನು ಕೈ ಮುಗಿಯುವ ಧಾಟಿಯಲ್ಲಿ ವಿವರಿಸುತ್ತಾರೆ. "ಕಳಸಕ್ಕೆ ಬಿಟ್ಟ ಬೆಳಕೂ ವಾಪಸ್ ಬರುತ್ತೆ ಮಾರಾಯ್ತಿ!" ಅಂದಾಗ ಅಕ್ಕ, "ಪಕ್ಕದ ರೂಮಿಂದ ನಾನು ಕೂಗಿದರೆ ಮಾತ್ರ ಇವರಿಂದ ಏನೂ ವಾಪಸ್ ಬರಲ್ಲ" ಅಂದಿದ್ದಳು.

ನನ್ನ ಅಂಗಡಿಯನ್ನು ದೊಡ್ಡ ಮಳಿಗೆಗೆ ಬದಲಾಯಿಸಿದೆ. ಮಾರ್ಚ್ ತಿಂಗಳು. ಹೂಮಳೆ ಬಿದ್ದು ತೋಟಗಳೆಲ್ಲ ಬೆಳ್ಳಗಾಗಿ, ಆಲ್ದೂರಿನ ಬಸ್‌ಸ್ಟ್ಯಾಂಡಿಗೂ ಕಾಫಿ ಹೂವಿನ ವಾಸನೆ ಬಂದಿತ್ತು. ಭಾನುವಾರ ಸತ್ಯನಾರಾಯಣ ಪೂಜೆ ಇಟ್ಟುಕೊಂಡೆವು. ಭಟ್ಟರು ಕಥೆಯ ಎರಡನೇ ಅಧ್ಯಾಯಕ್ಕೆ ಬಂದಿದ್ದರು. ಭಾವನ ಜೇಬಿನಲ್ಲಿ ಫೋನ್ ಕುಂಯ್ ಅಂತು. ನೋಡಿದರು. ಕೂತಲ್ಲೇ ಮಂಡಿ ಕುಣಿಯಲು ಶುರುವಾಯಿತು. ಮೂರನೇ ಅಧ್ಯಾಯಕ್ಕೆ ಎದ್ದು ಬಾಗಿಲಿಗೆ ಹೋದರು. ನಾಲ್ಕಕ್ಕೆ ರಸ್ತೆಯಲ್ಲಿದ್ದರು.

"ಬಾಳೆಹೊನ್ನೂರು ದಾಟಿ ಕಟ್ ಆಗಿದೆ" ಅಂತ ಫೋನಿನಲ್ಲಿ ಆಫೀಸಿನವರಿಗೆ ಹೇಳುವುದು ಕೇಳಿಸಿತು. ಆ ಕಡೆಯವರು ಏನಂದರೋ, ಭಾವ ಕೂಗಿದರು: "ಸರ್ವೀಸ್ ನಡೀತಿದೆ ಅಂತ ನನಗೂ ಗೊತ್ತು ಸರ್! ಒಂದೇ ಕಾಲಲ್ಲಿ ನಡೀತಿದೆ! ನಾಳೆ ಅಂದರೆ ಹೇಗೆ?"

ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು: "ಇವರನ್ನ ತಡೆಯೋಕ್ಕಾಗಲ್ಲ. ನೀನೂ ಜೊತೆಗೆ ಹೋಗು. ಒಬ್ಬರೇ ಹೋದರೆ ಊಟದ ಹೊತ್ತಿಗೆ ಬರಲ್ಲ."

ಹೊಸ ಅಂಗಡಿಯ ಯಜಮಾನಿ ನಾನು, ಪೂಜೆ ನನ್ನದು. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಕಂಪನಿ ಜೀಪಿನಲ್ಲಿ ಕಿತ್ತಳೆ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಹೊರಟೆ! ದಾರಿಯುದ್ದಕ್ಕೂ ಎದುರಾದವರೆಲ್ಲ ಯಾವುದೋ ಮದುವೆ ದಿಬ್ಬಣ ಅಂತ ಕೈ ಬೀಸಿದರು.

ಬಾಳೆಹೊನ್ನೂರಿನಲ್ಲಿ ಅವರ ಕಂಪನಿಯ ಒಂದು ಕೋಣೆ ಇದೆ. ಅಲ್ಲಿ ಪೆಟ್ಟಿಗೆ ಸಿಕ್ಕಿಸಿದರು. ಹದಿನಾಲ್ಕು ಕಿಲೋಮೀಟರ್ ಅಂತು. ಕಳಸದ ರಸ್ತೆಯಲ್ಲಿ ಹದಿನಾಲ್ಕು ಕಿಲೋಮೀಟರ್ ಹೋದೆವು. ನೆಲ ಅಗೆದಿಲ್ಲ, ಮರ ಬಿದ್ದಿಲ್ಲ, ಏನೂ ಇಲ್ಲ.

"ನಿಮ್ಮ ಪೆಟ್ಟಿಗೆ ಸುಳ್ಳು ಹೇಳಿದೆ" ಅಂದೆ. ಹೊಟ್ಟೆ ಹಸಿದಿತ್ತು.

"ಬೆಳಕು ಸುಳ್ಳು ಹೇಳಲ್ಲ. ರಸ್ತೆ ಸುಳ್ಳು ಹೇಳುತ್ತೆ." ಕೇಬಲ್ ಎಳೆಯುವಾಗ ಅಲ್ಲಲ್ಲಿ ಸುರುಳಿ ಸುತ್ತಿ ಹೆಚ್ಚುವರಿ ಬಿಟ್ಟಿರುತ್ತಾರಂತೆ, ಮುಂದೆ ಬೇಕಾದೀತು ಅಂತ. ಹಾಗಾಗಿ ಬೆಳಕಿನ ಹದಿನಾಲ್ಕು ರಸ್ತೆಯ ಹದಿನಾಲ್ಕಲ್ಲ. ಎಲ್ಲೆಲ್ಲಿ ಎಷ್ಟು ಸುರುಳಿ ಅನ್ನುವುದು ಭಾವನಿಗೆ ಬಾಯಿಪಾಠ. "ಸೇತುವೆ ಹತ್ತಿರ ಒಂದು, ಹಲಸಿನ ಮರದ ಕೆಳಗೆ ಎರಡು, ಶಾಲೆ ಹಿಂದೆ ಒಂದು…" ಅಂತ ಕಳೆಯುತ್ತಾ ಜೀಪನ್ನು ಹಿಂದಕ್ಕೆ ಬಿಟ್ಟರು. ಒಂದು ಎಸ್ಟೇಟಿನ ಗೇಟಿನ ಎದುರು ನಿಲ್ಲಿಸಿದರು.

ಹೊಸ ಗೇಟು. ಎರಡೂ ಕಡೆ ಆನೆ ಕಟ್ಟುವಂಥ ಕಂಬ, ಎಡಗಡೆಯದರ ಬುಡದ ಸಿಮೆಂಟು ಇನ್ನೂ ಹಸಿ. ಅಲ್ಲೇ ಇದ್ದ ಮೇಸ್ತ್ರಿ ನಮ್ಮ ಪೆಟ್ಟಿಗೆ ನೋಡಿದ್ದೇ ತೋಟದೊಳಗೆ ಮಾಯವಾದ!

"ಇದರ ಕೆಳಗೇ ಇದೆ" ಅಂದರು ಭಾವ. "ಅಗೆಯುವಾಗ ಕೇಬಲ್ ಕಡಿದಿದ್ದಾನೆ. ಹೆದರಿ ಮೇಲೆ ಕಾಂಕ್ರೀಟ್ ಹಾಕಿದ್ದಾನೆ."

ಎಸ್ಟೇಟಿನ ಗೌಡರು ಹೊರಗೆ ಬಂದರು. ಒಳ್ಳೆಯವರು, ಮೊದಲು ಕಾಫಿ ಕೇಳಿದರು, ಆಮೇಲೆ ವಿಷಯ ಕೇಳಿದರು, ಆಮೇಲೆ ನಕ್ಕರು. "ಎಂತ ಕಟ್ಟಾಗಿದೆ ಮಾರಾಯ್ರೇ? ನೋಡಿ ಇಲ್ಲಿ, ನೆಟ್ ಹೇಗೆ ಓಡ್ತಾ ಉಂಟು!" ಅಂತ ಕೈಯಲ್ಲಿದ್ದ ಫೋನ್ ನಮ್ಮ ಮುಖಕ್ಕೆ ಹಿಡಿದರು. ವಿಡಿಯೋದಲ್ಲಿ ಅವರ ಅಣ್ಣ. ಕಳಸದ ಒಂದು ಸಣ್ಣ ಆಸ್ಪತ್ರೆಯ ಮಂಚದ ಮೇಲೆ ಒರಗಿದ್ದರು. ಬೆಳಿಗ್ಗೆ ಎದೆ ಉರಿ ಅಂದರಂತೆ, ಅತ್ತಿಗೆ ಕರೆದುಕೊಂಡು ಹೋಗಿದ್ದಾರೆ. ಗ್ಯಾಸ್ ಇರಬೇಕು, ಆದರೂ ಇ.ಸಿ.ಜಿ. ತೆಗೆದು ಪಟ್ಟಣದ ಹೃದಯದ ಡಾಕ್ಟರಿಗೆ ಕಳಿಸುತ್ತಾರೆ, ನೋಡಿ ಹೇಳುತ್ತಾರೆ.

"ನಡೀತಾ ಇರೋದೇ ತೊಂದರೆ ಗೌಡ್ರೇ" ಅಂದರು ಭಾವ. "ಈ ಕಡೆ ದಾರಿ ಇಲ್ಲ. ಕೊಟ್ಟಿಗೆಹಾರದ ಮೇಲೆ ಸುತ್ತಿ ಬರ್ತಿದೆ. ಆ ಒಂದನ್ನೇ ನಂಬಿಕೊಂಡು ಇಡೀ ಕಳಸ ಕೂತಿದೆ. ಕಂಬ ತೆಗೆಸಿ."

"ಕಂಬ ತೆಗೆಯೋದಾ! ನಾಳೆ ಗೇಟ್ ಪೂಜೆ. ನಿಮಗೆ ತಲೆ ಸರಿ ಉಂಟಾ? ಕೆಟ್ಟ ಮೇಲೆ ಬನ್ನಿ, ತೆಗೆಸುವ."

ಭಾವ ಅವರನ್ನು ಸುತ್ತಿದರು, ಕಂಬವನ್ನು ಸುತ್ತಿದರು, ನನ್ನನ್ನೂ ಒಂದು ಸುತ್ತು ಸುತ್ತಿದರು. ಗೌಡರು ಫೋನಿನತ್ತ ತಿರುಗಿ, "ಅಣ್ಣ, ಇಲ್ಲೊಬ್ಬರು…" ಅನ್ನುತ್ತಿದ್ದರು. ಅಣ್ಣ ಏನೋ ಹೇಳಲು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ನಿಂತಿತು.

"ಅಣ್ಣ? ಅಣ್ಣ?"

ಭಾವನ ಫೋನು ಎರಡು ನಿಮಿಷಕ್ಕೊಮ್ಮೆ ಕುಂಯ್‌ಗುಡುತ್ತಲೇ ಇರುತ್ತದೆ. ಅದೂ ಸುಮ್ಮನಾಗಿತ್ತು. ತೆಗೆದು ನೋಡಿದರು. "ಹೋಯ್ತು" ಅಂದರು, ಮೆಲ್ಲಗೆ. "ಆ ಕಡೆಯೂ ಹೋಯ್ತು."

ಕೊಟ್ಟಿಗೆಹಾರದ ಹತ್ತಿರ ರಸ್ತೆ ಅಗಲ ಮಾಡುವ ಜೆಸಿಬಿಗೆ ಕೇಬಲ್ ಸಿಕ್ಕಿತ್ತು ಅಂತ ಆಮೇಲೆ ತಿಳಿಯಿತು. ಆಗ ನಮಗೆ ತಿಳಿದದ್ದು ಇಷ್ಟೇ: ಕಳಸಕ್ಕೆ ಹೋಗುವ ದಾರಿ ಎರಡೂ ಇಲ್ಲ. ಗೌಡರು ಅತ್ತಿಗೆಗೆ ಫೋನ್ ಮಾಡಿದರು, ಹೋಗಲಿಲ್ಲ. ಆಸ್ಪತ್ರೆಗೆ ಮಾಡಿದರು, ಹೋಗಲಿಲ್ಲ. ನನ್ನ ಫೋನಿನಿಂದ ಮಾಡಿದರು. ನಗು ಎಲ್ಲೋ ಹೋಗಿತ್ತು.

"ಆ ಇ.ಸಿ.ಜಿ.… ಹೋಗಿರುತ್ತಾ?"

"ಗೊತ್ತಿಲ್ಲ ಗೌಡ್ರೇ."

ಗೌಡರು ಶೆಡ್ಡಿಗೆ ಓಡಿ ಹಾರೆ ತಂದರು. ಪಂಚೆ ಎತ್ತಿ ಕಟ್ಟಿ, ತಮ್ಮ ಕಂಬದ ಬುಡಕ್ಕೆ ತಾವೇ ಮೊದಲ ಏಟು ಹಾಕಿದರು. ತೋಟದೊಳಗಿಂದ ಮೇಸ್ತ್ರಿಯೂ ಬಂದ, ತಲೆ ತಗ್ಗಿಸಿಕೊಂಡು, ಇನ್ನೊಂದು ಹಾರೆಯೊಂದಿಗೆ. ಹಸಿ ಕಾಂಕ್ರೀಟು ಬಿಟ್ಟುಕೊಟ್ಟಿತು. ಕಂಬ ವಾಲಿ ಬೇಲಿಗೆ ಒರಗಿತು. ಕೆಳಗೆ ಕಪ್ಪು ಕೇಬಲ್, ಎರಡು ತುಂಡು.

ಭಾವ ಹೊಂಡಕ್ಕೆ ಇಳಿದರು. ಆಮೇಲೆ ನಾನು ಕಂಡ ಮನುಷ್ಯ ಬೇರೆಯೇ. ಇಡೀ ಬೆಳಿಗ್ಗೆ ಕುಣಿದ ಮಂಡಿ ನಿಂತಿತ್ತು. ಕೇಬಲ್ಲಿನ ಸಿಪ್ಪೆ ಸುಲಿದು, ಕೂದಲಿಗಿಂತ ಸಪೂರ ಎಳೆಗಳನ್ನು ಹೊರಗೆಳೆದು, ಒಂದೊಂದನ್ನೂ ಒರೆಸಿ ಕತ್ತರಿಸಿದರು. "ನೀಲಿ, ಕಿತ್ತಳೆ, ಹಸಿರು, ಕಂದು…" ಅಂತ ಬಣ್ಣಗಳನ್ನು ಭಟ್ಟರಂತೆ ಪಠಿಸುತ್ತಿದ್ದರು. ಜೀಪಿನಿಂದ ತಂದ, ಎಳೆ ಜೋಡಿಸುವ ಯಂತ್ರಕ್ಕೆ ಧೂಳು ಬೀಳಬಾರದು. "ಮಾರಾಯ್ತಿ, ಸೆರಗು!" ಅಂದರು. ನನ್ನ ಪೂಜೆಯ ರೇಷ್ಮೆ ಸೆರಗು ಯಂತ್ರಕ್ಕೆ ಚಪ್ಪರವಾಯಿತು.

"ಮೊದಲು ನೀಲಿ. ಕಳಸ ಅದರಲ್ಲಿದೆ."

ಸಣ್ಣ ಕಿಡಿ. ಎರಡು ತುದಿ ಒಂದಾಯಿತು. ಆಮೇಲೆ ಕಿತ್ತಳೆ. ಗೌಡರು ಹೊಂಡದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಫೋನನ್ನೇ ನೋಡುತ್ತಿದ್ದರು. ಎಷ್ಟು ಹೊತ್ತೋ. ಅದು ರಿಂಗಾದಾಗ ಎಲ್ಲರೂ ಬೆಚ್ಚಿದೆವು.

ಅತ್ತಿಗೆ. ಅಳುತ್ತಿದ್ದರು. ಇ.ಸಿ.ಜಿ. ಅರ್ಧಕ್ಕೇ ನಿಂತಿತ್ತಂತೆ, ಈಗ ತಾನೇ ಹೋಯಿತಂತೆ. ಡಾಕ್ಟರು ನೋಡಿದ ಕೂಡಲೇ ಫೋನ್ ಮಾಡಿ, ಗ್ಯಾಸಲ್ಲ, ಇಂಥ ಮಾತ್ರೆ ಈಗಲೇ ಕೊಡಿ, ಆಂಬುಲೆನ್ಸ್ ಹತ್ತಿಸಿ ಅಂದರಂತೆ. ಗೌಡರು "ನಾನು ಬಂದೆ, ದಾರಿಯಲ್ಲೇ ಸಿಗ್ತೇನೆ" ಅಂತ ಕಾರಿನ ಕಡೆ ಓಡಿದರು. ಓಡಿದವರು ತಿರುಗಿ ಬಂದು, ಹೊಂಡದಲ್ಲಿದ್ದ ಭಾವನ ಮಣ್ಣು ಮೆತ್ತಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿ, ಮತ್ತೆ ಓಡಿದರು. ಅವರ ಅಣ್ಣ ಉಳಿದರು. ಈಗ ತೋಟದಲ್ಲಿ ನಿಧಾನಕ್ಕೆ ಓಡಾಡುತ್ತಾರೆ. ಆ ಗೇಟಿಗೆ ಇವತ್ತಿಗೂ ಎಡಗಡೆ ಕಂಬವಿಲ್ಲ.

ಆವತ್ತು ಕೊನೆಯ ಎಳೆಯೂ ಕೂಡುವಾಗ ನನ್ನ ಕಣ್ಣು ತುಂಬಿತ್ತು. "ಭಾವ, ಎಂಥ ದೊಡ್ಡ ಕೆಲಸ ಮಾಡಿದಿರಿ!" ಅಂದೆ.

ಭಾವ ಮಂಡಿ ಕುಣಿಸುತ್ತಾ ಜೀಪು ಹತ್ತಿದ್ದರು. "ಬೇಗ ಬಾ ಮಾರಾಯ್ತಿ. ಕೊಟ್ಟಿಗೆಹಾರದ್ದು ಇನ್ನೂ ಹಾಗೇ ಇದೆಯಲ್ಲ!"

ಅದನ್ನೂ ಮುಗಿಸಿ ಆಲ್ದೂರಿಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಪೂಜೆಯ ಸಪಾದ ಭಕ್ಷ್ಯ ಆರಿ ಕಲ್ಲಾಗಿತ್ತು. ಅಕ್ಕ ಭಾವನ ಮುಖ ನೋಡಿ, ಸಿಟ್ಟು ನುಂಗಿ, ತಟ್ಟೆ ಮುಂದಿಟ್ಟು ಕೇಳಿದಳು: "ಅಂತೂ ಎಲ್ಲ ಸರಿಯಾಯ್ತಾ?"

ಆ ಮಾತು ಹೇಳಬಾರದಿತ್ತು. ಭಾವ ಪುನಃ ಚಪ್ಪಲಿ ಹುಡುಕತೊಡಗಿದರು!

ಇದಾಗಿ ಕೆಲವು ವಾರಗಳ ಮೇಲೆ ಭಾವ ಅಂಗಡಿಗೆ ಬಂದು ಒಂದು ವಿಚಿತ್ರ ಪ್ರಶ್ನೆ ಕೇಳಿದರು. "ಅತ್ತೆ ಫೋನನ್ನ ಯಾವ ಕಿವಿಗೆ ಇಡ್ತಾರೆ?"

"ಕಿವಿಗೇ ಇಡ್ತಾಳೆ."

"ಯಾವುದಕ್ಕೆ?"

ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿರುವವಳು ನಾನು! ಅಮ್ಮ ಕರೆದರೆ ಓಗೊಡುವುದಿಲ್ಲ, ಹೇಳಿದ್ದು ಕೇಳುವುದಿಲ್ಲ. ಹಠ ಅಂದುಕೊಂಡಿದ್ದೆ. ದಿನಕ್ಕೆರಡು ಸಲ ರೇಗುತ್ತಿದ್ದೆ.

ಮಾರನೆಯ ದಿನ ಭಾವ ಮನೆಗೆ ಬಂದು, ಅಮ್ಮನ ಬಲಗಡೆ ಕೂತು, ಮುಖ ಸಣ್ಣ ಮಾಡಿಕೊಂಡು ಅಂದರು: "ಅತ್ತೆ, ನನಗೆ ಕಿವಿ ಮಂದ ಆಗಿದೆ. ಟೆಸ್ಟ್ ಮಾಡಿಸಬೇಕು. ಒಬ್ಬನೇ ಹೋಗಲಿಕ್ಕೆ ಹೆದರಿಕೆ. ನೀವು ಬರ್ತೀರಾ?"

ಅಮ್ಮನಿಗೆ ಕರುಳು ಚುರುಕ್ ಅಂತು. ಚಿಕ್ಕಮಗಳೂರಿನವರೆಗೂ, "ಪಾಪ, ಈ ವಯಸ್ಸಿಗೇ! ಬಿಸಿಲಲ್ಲಿ ನಿಲ್ಲಬೇಡಿ ಅಂದರೆ ಕೇಳಲ್ಲ" ಅಂತ ಮರುಗುತ್ತಾ ಬಂದಳು. ಭಾವ ಗಾಜಿನ ಕೋಣೆಯೊಳಗೆ ಕೂತು ಪರೀಕ್ಷೆ ಮಾಡಿಸಿಕೊಂಡರು. ಕಿವಿ ಎರಡೂ ಚೆನ್ನಾಗಿವೆ ಅಂತ ಬಂತು.

"ನನಗೆ ನಂಬಿಕೆ ಇಲ್ಲ" ಅಂದರು ಭಾವ. "ನನ್ನ ಕಿವಿ ಸರಿ ಇದೆಯೋ, ಮಿಷನ್ ಕೆಟ್ಟಿದೆಯೋ? ಬೇರೆಯವರ ಕಿವಿ ಇಟ್ಟು ನೋಡಬೇಕು. ಅತ್ತೆ, ನನಗೋಸ್ಕರ ಒಂದು ಸಲ ಕೂತ್ಕೊಳ್ಳಿ."

ಅಳಿಯನಿಗೋಸ್ಕರ ಅಮ್ಮ ಕೂತಳು. ಶಬ್ದ ಕೇಳಿದಾಗಲೆಲ್ಲ ಕೈ ಎತ್ತಬೇಕು. ಬಲಗಿವಿಗೆ ಶಬ್ದ ಕೊಟ್ಟರು. ಅಮ್ಮ ಕೈ ಎತ್ತಿದಳು, ಇನ್ನೊಮ್ಮೆ ಎತ್ತಿದಳು, ಕೆಲವು ಸಲ ಎತ್ತಲಿಲ್ಲ. ಆಮೇಲೆ ಎಡಗಿವಿ. ಯಂತ್ರದ ಮುಂದಿದ್ದಾಕೆ ಗುಂಡಿ ಒತ್ತಿದರು, ಶಬ್ದ ಏರಿಸಿ ಒತ್ತಿದರು, ಇನ್ನೂ ಏರಿಸಿದರು. ಗಾಜಿನಾಚೆ ಅಮ್ಮ ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಪರೀಕ್ಷೆ ಇನ್ನೂ ಶುರುವಾಗಿಲ್ಲ ಅಂದುಕೊಂಡು, ನಮ್ಮ ಕಡೆ ನೋಡಿ ನಗುತ್ತಾ ಕಾಯುತ್ತಿದ್ದಳು.

ನಾನು ಗೋಡೆಯ ಕಡೆ ತಿರುಗಿದೆ.

ಎಡಗಿವಿ ವರ್ಷಗಳ ಹಿಂದೆಯೇ ಹೋಗಿದೆ ಅಂದರು ಡಾಕ್ಟರು. ಈಗ ಬಲಗಿವಿಯೊಳಗೂ ಕೀವು ಆಗಿದೆ, ಇನ್ನಷ್ಟು ದಿನ ಬಿಟ್ಟಿದ್ದರೆ ಅದೂ ಹೋಗುತ್ತಿತ್ತು, ಈಗಾದರೆ ಉಳಿಸಬಹುದು. ಅಮ್ಮ ಸೆರಗಿನ ತುದಿ ಸುತ್ತುತ್ತಾ ಕೂತಿದ್ದಳು. "ಒಂದು ಕಿವಿ ಇತ್ತಲ್ಲ. ನಿನಗೆ ಅಂಗಡಿ, ಅವಳಿಗೆ ಸಂಸಾರ. ಎಂತಕ್ಕೆ ಹೇಳೋದು ಅಂತ" ಅಂದಳು.

ವಾಪಸ್ ಬರುವಾಗ ಭಾವ ತಮ್ಮ ಹಳೇ ಕಾರು ಓಡಿಸುತ್ತಿದ್ದರು. ಅಮ್ಮ ಮುಂದೆ, ಅವರ ಪಕ್ಕದಲ್ಲಿ. ನಾನು ಹಿಂದೆ. ಊರು ದಾಟಿ ತೋಟಗಳು ಶುರುವಾದ ಮೇಲೆ ಅಮ್ಮ ಕೇಳಿದಳು: "ನನ್ನ ಮಕ್ಕಳಿಗೇ ಗೊತ್ತಾಗಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

ಭಾವ ರಸ್ತೆ ನೋಡುತ್ತಲೇ ಹೇಳಿದರು. "ನಮ್ಮಮ್ಮನೂ ಹೀಗೇ ತಲೆ ತಿರುಗಿಸಿ ಕೇಳೋರು ಅತ್ತೆ. ಎಡಗಡೆಯಿಂದ ಕರೆದರೆ ನೋಡ್ತಿರಲಿಲ್ಲ. ಬೇಕಂತಲೇ ಮಾಡ್ತಾರೆ ಅಂತ ಸಿಟ್ಟು ಮಾಡ್ಕೊಂಡು ನಾನು ಮಾತು ಬಿಟ್ಟಿದ್ದೆ. ನನಗೆ ಗೊತ್ತಾಗೋ ಹೊತ್ತಿಗೆ ಎರಡು ಕಿವಿಯೂ ಹೋಗಿತ್ತು. ಆಮೇಲೆ ನಾನು ಎಷ್ಟು ಕೂಗಿ ಹೇಳಿದರೂ…"

ಭಾವನ ಎಡಗೈ ಗೇರಿಗೆ ಹೋಯಿತು.

ಅಮ್ಮ ಗೇರಿನ ಮೇಲಿದ್ದ ಭಾವನ ಕೈಯ ಮೇಲೆ ತನ್ನ ಕೈ ಇಟ್ಟಳು. ಮುಂದೆ ಏರು ಬಂತು, ತಿರುವು ಬಂತು. ಕಾರು ನರಳಿತು, ಗಡಗಡ ನಡುಗಿತು, ಹಿಂದಿನ ಲಾರಿಯವನು ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋದ. ಆಲ್ದೂರು ಬರುವವರೆಗೂ ಭಾವ ಗೇರ್ ಬದಲಾಯಿಸಲೇ ಇಲ್ಲ.